ಓರ್ಫೆಲಿನಾಳ ನಾಲಗೆ

ಚಿಲೋಯೆ ದ್ವೀಪದ ಉತ್ತರಕ್ಕೆ, ಹನ್ನೆರಡು ಮನೆಗಳ ಒಂದು ಕೊಲ್ಲಿಯಲ್ಲಿ ಓರ್ಫೆಲಿನಾ ಚಿಗ್ವಾಯ್ ಸಿಂಪಿ ಬೆಳೆಸುತ್ತಿದ್ದಳು. ಅಂಗೈ ಗುಳಿಯಲ್ಲಿ ಕೂರುವಷ್ಟು ಚಿಕ್ಕ ಸಿಂಪಿ, ಅಂಚಿಗೆ ಕಾಡಿಗೆ ಹಚ್ಚಿದಂಥ ಕಪ್ಪು. ನೀರು ಕೊರೆಯುವಷ್ಟು ತಣ್ಣಗಿರುವುದರಿಂದ ಅದಕ್ಕೆ ಬೆಳೆಯುವ ಅವಸರವಿಲ್ಲ. ತಟ್ಟೆಗೆ ಬರಲು ನಾಲ್ಕೈದು ವರ್ಷ ಬೇಕು. ಇಷ್ಟು ಕಾದು ಬೆಳೆಸಿದ್ದರ ಮೇಲೆ ಯಾರಾದರೂ ನಿಂಬೆಹಣ್ಣು ಹಿಂಡಿದರೆ ಓರ್ಫೆಲಿನಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯಬೇಕಾದ್ದೇ.

ತಾಯಿ ಸಿಂಪಿ ಮರಿಗಳನ್ನು ವಾರಗಟ್ಟಲೆ ಚಿಪ್ಪಿನೊಳಗೇ ಇಟ್ಟುಕೊಂಡು, ವಸಂತದ ಒಂದು ದಿನ ಹೊರಗೆ ಬಿಡುತ್ತದೆ. ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಮರಿಗೆ ಅಂಟಿಕೊಳ್ಳಲು ಶುಭ್ರವಾದ ಚಿಪ್ಪು ಸಿಗಬೇಕು, ಇಲ್ಲದಿದ್ದರೆ ಕೆಸರು ಪಾಲು. ಅದಕ್ಕೆ ಹಳೇ ಚಿಪ್ಪುಗಳ ಸರ ಮಾಡಿ ನೀರಿಗೆ ಇಳಿಬಿಡುತ್ತಾರೆ. ಬೇಗ ಇಳಿಬಿಟ್ಟರೆ ಸರಕ್ಕೆ ಲೋಳೆ ಕಟ್ಟುತ್ತದೆ, ತಡವಾದರೆ ಮರಿಗಳೇ ಇರುವುದಿಲ್ಲ. ದಿನ ಹೇಳುವುದು ಓರ್ಫೆಲಿನಾಳ ಕೆಲಸ. ಒಂದು ತಾಯಿಯನ್ನು ಬಿಡಿಸಿ, ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಮರಿ ಇನ್ನೂ ಎಳೆಯದಾಗಿದ್ದರೆ ಸೀಮೆಸುಣ್ಣದ ರುಚಿ, ಹೊರಡುವ ಕಾಲಕ್ಕೆ ತಾಮ್ರದ ರುಚಿ. ಅಪ್ಪ ಕಲಿಸಿದ್ದು. ಮೂವತ್ತು ವರ್ಷ ಹನ್ನೆರಡು ಮನೆಯವರೂ ಆ ನಾಲಗೆಯನ್ನೇ ನಂಬಿದ್ದರು, ಅದರ ಜಂಬವೂ ಅವಳಿಗೇನು ಕಡಿಮೆ ಇರಲಿಲ್ಲ.

ಅರವತ್ತನೆಯ ವಯಸ್ಸಿನ ಚಳಿಗಾಲದಲ್ಲಿ ಬಂದ ಜ್ವರ ವಾಸನೆ, ರುಚಿ ಎರಡನ್ನೂ ಕಿತ್ತುಕೊಂಡು ಹೋಯಿತು. ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ನವೆಂಬರ್ ಬಂತು, ದಕ್ಷಿಣದ ಆ ದ್ವೀಪಕ್ಕೆ ಅದೇ ವಸಂತ. ನೀರಿಳಿದ ದಡದಲ್ಲಿ ಎಲ್ಲರೂ ಸುತ್ತ ನಿಂತು ಅವಳ ಮುಖವನ್ನೇ ನೋಡುತ್ತಿದ್ದರು. ತಾಯಿ ಸಿಂಪಿಯನ್ನು ಅಗಿದರೆ ಬಾಯಲ್ಲಿ ಒದ್ದೆ ಉಣ್ಣೆ ಇಟ್ಟುಕೊಂಡ ಹಾಗಿತ್ತು. ಹೋದ ವರ್ಷದ ಲೆಕ್ಕ ಹಿಡಿದು, "ಗುರುವಾರ ಇಳಿಬಿಡಿ" ಎಂದುಬಿಟ್ಟಳು. ಗುರುವಾರ ಮಿಂಗಾ ನಡೆಯಿತು: ಕೂಲಿಯಿಲ್ಲದೆ, ಊಟಕ್ಕಷ್ಟೇ ಊರೆಲ್ಲ ಸೇರಿ ಸರ ಕಟ್ಟಿ ಇಳಿಬಿಟ್ಟಿತು, ಓರ್ಫೆಲಿನಾ ಎಲ್ಲರಿಗೂ ಆಲೂಗಡ್ಡೆ, ಹೊಗೆ ಹಾಕಿದ ಹಂದಿಮಾಂಸ ಬಡಿಸಿದಳು. ಆದರೆ ಆ ವಸಂತದಲ್ಲಿ ನೀರಿನ ಚಳಿ ಬಿಟ್ಟಿರಲಿಲ್ಲ. ಒಂಬತ್ತನೆಯ ದಿನ ನೋಡಿದರೆ ಸರಗಳಿಗೆಲ್ಲ ಲೋಳೆ, ತಾಯಂದಿರು ಇನ್ನೂ ಮರಿ ಬಿಟ್ಟಿರಲಿಲ್ಲ.

"ಈ ಸಲ ಸಿಂಪಿಗಳಿಗೆ ನಿನ್ನ ಮಾತು ಕೇಳಿಸ್ಲಿಲ್ಲ ಅಂತ ಕಾಣುತ್ತೆ, ಅಕ್ಕ," ಎಂದ ಪಕ್ಕದ ಮನೆಯ ಕುಸ್ತೋದಿಯೊ.

ಸರಗಳನ್ನೆಲ್ಲ ಎತ್ತಿ, ಉಜ್ಜಿ, ಮತ್ತೆ ಇಳಿಬಿಡಬೇಕು. ಇಲ್ಲದಿದ್ದರೆ ಆ ವರ್ಷದ ಮರಿಯೇ ಇಲ್ಲ, ನಾಲ್ಕು ವರ್ಷ ಕಳೆದ ಮೇಲೆ ಹನ್ನೆರಡು ಮನೆಗೂ ಬರಿಗೈ. ಅಷ್ಟು ಕೆಲಸಕ್ಕೆ ಇನ್ನೊಂದು ಮಿಂಗಾ ಬೇಕು. ಒಂದೇ ಕೆಲಸಕ್ಕೆ ಎರಡು ಸಲ ಮಿಂಗಾ ಬೇಡಿದವರು ಆ ಕೊಲ್ಲಿಯಲ್ಲಿ ಯಾರೂ ಇರಲಿಲ್ಲ. ಬೇಡುವವರು ಮನೆಮನೆಯ ಹೊಸ್ತಿಲಲ್ಲಿ ನಿಂತು ಕಾರಣ ಹೇಳಬೇಕು, ನಿಜವಾದ ಕಾರಣವನ್ನೇ ಹೇಳಬೇಕು. ಎರಡು ರಾತ್ರಿ ಹೊರಳಾಡಿದ ಓರ್ಫೆಲಿನಾ ಎಲ್ಲಕ್ಕಿಂತ ಕಷ್ಟದ ಮನೆಗೇ ಮೊದಲು ಹೋದಳು. ಅದು ತೀರಿಹೋದ ಅಣ್ಣನ ಹೆಂಡತಿ ಎರ್ಮಿನಿಯಾಳ ಮನೆ. ಒಂದು ಹಂದಿಯ ವಿಷಯಕ್ಕೆ ಇಬ್ಬರಿಗೂ ಇಪ್ಪತ್ತು ವರ್ಷದಿಂದ ಎಣ್ಣೆ ಸೀಗೇಕಾಯಿ.

"ಏನೇ, ಹೊಸ್ತಿಲಲ್ಲೇ ನಿಂತ್ಕೊಂಡೆ? ನೆಲಕ್ಕೆ ಮೊಳೆ ಹೊಡ್ದಿದಾರಾ?"

"ಅತ್ತಿಗೆ, ನನ್ನ ನಾಲಗೆ ಸತ್ತೋಗಿದೆ. ಜ್ವರ ಬಂದಾಗಿಂದ. ಗುರುವಾರ ಅಂದಿದ್ದು ಹೋದ ವರ್ಷದ ಲೆಕ್ಕ ಹಿಡಿದು, ಅಷ್ಟೆ."

"ಗೊತ್ತು. ಆಗಸ್ಟಲ್ಲಿ ನಿಂಗೆ ಜ್ವರ ಅಂತ ನಾನು ಕೊಟ್ಟ ಹಾಲು ಒಡೆದಿತ್ತು. ಪೂರ್ತಿ ಕುಡಿದು ಚೆನ್ನಾಗಿದೆ ಅಂದೆ. ನಿನ್ನ ಜನ್ಮದಲ್ಲಿ ನನ್ನ ಮನೇದು ಯಾವತ್ತು ಚೆನ್ನಾಗಿತ್ತು?"

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಒಪ್ಕೊಳ್ತಿದ್ಯಾ?"

ಓರ್ಫೆಲಿನಾ ಏಪ್ರನ್ನಿನ ಜೇಬಿನಿಂದ ಒಂದು ತಾಯಿ ಸಿಂಪಿ ತೆಗೆದು ಬಿಡಿಸಿ ಕೊಟ್ಟಳು. "ತಿಂದು ಹೇಳು, ಹೇಗಿದೆ?"

"ಸಿಂಪಿ ಥರ ಇದೆ."

"ಅಷ್ಟು ನಂಗೂ ಗೊತ್ತು ಅತ್ತಿಗೆ. ನಾಲಗೆ ನಡುವಲ್ಲಿ ಏನಿದೆ?"

"ಸುಣ್ಣ. ತಡಿ, ಅಂಚಲ್ಲಿ ಬೇರೆ ಇದೆ. ಬೀಗದಕೈ ಬಾಯಲ್ಲಿಟ್ಕೊಂಡ ಹಾಗೆ."

"ನುಂಗಿದ ಮೇಲೂ ಇದೆಯಾ?"

"ಇಲ್ಲ, ಹೋಯ್ತು."

ಓರ್ಫೆಲಿನಾ ಬೆರಳು ಮಡಚಿ ಎಣಿಸಿದಳು. "ನಾಲ್ಕು ದಿನ ಇದೆ."

"ಹಾಗಾದ್ರೆ ಇಲ್ಲಿ ಯಾಕೆ ನಿಂತಿದೀಯ? ಇನ್ನೂ ಹತ್ತು ಮನೆ ಇದೆ, ನಡಿ. ನಾನೂ ಬರ್ತೀನಿ," ಎಂದು ಎರ್ಮಿನಿಯಾ ಶಾಲು ಎಳೆದುಕೊಂಡಳು.

ಎಲ್ಲ ಮನೆಯವರೂ ಬಂದರು. ಕುಸ್ತೋದಿಯೊ ಮಾತ್ರ ಒಂದು ಷರತ್ತು ಹಾಕಿದ: "ಅಡುಗೆ ಬೇರೆಯವರು ಮಾಡ್ಲಿ, ಅಕ್ಕ. ಹೋದ ಸಲದ ಉಪ್ಪು ಇನ್ನೂ ಇಳಿದಿಲ್ಲ." ಮೂರು ದಿನ ಕೈ ಮರಗಟ್ಟುವವರೆಗೆ ಉಜ್ಜಿದರು, ನಾಲ್ಕನೆಯ ದಿನ ಸರ ಇಳಿಬಿಟ್ಟರು. ಐದನೆಯ ದಿನ ಚಿಪ್ಪುಗಳ ಮೇಲೆ ಮರಳಿನ ಕಾಳಿನಷ್ಟು ಮರಿಗಳು ಅಂಟಿ ಕೂತಿದ್ದವು.

ಅಲ್ಲಿಂದ ಪ್ರತಿ ವಸಂತದಲ್ಲೂ ಎರ್ಮಿನಿಯಾ ಅಗಿಯುತ್ತಾಳೆ, ಓರ್ಫೆಲಿನಾ ಪ್ರಶ್ನೆ ಹಾಕಿ ದಿನ ಹೇಳುತ್ತಾಳೆ. ಜಗಳ ನಿಂತಿಲ್ಲ. ರುಚಿಯೂ ಮರಳಿಲ್ಲ.

ಆ ಮರಿಗಳು ಈ ವರ್ಷ ಬೆಳೆದು ತಟ್ಟೆಗೆ ಬಂದವು. ಮೊದಲನೆಯದನ್ನು ಬಿಡಿಸಿ ಓರ್ಫೆಲಿನಾ ಅತ್ತಿಗೆಯ ಕೈಗಿಟ್ಟಳು.

"ಇದರಲ್ಲಿ ದಿನ ನೋಡೋದೇನಿದೆ?"

"ಏನಿಲ್ಲ. ತಿಂದು ಹೇಳು."

ಎರ್ಮಿನಿಯಾ ಆ ಒಂದು ಸಲ ಕೊಂಕು ಆಡಲಿಲ್ಲ. ನಿಧಾನಕ್ಕೆ ಅಗಿದು ನುಂಗಿದಳು. "ಮೊದ್ಲು ಉಪ್ಪು. ಆಮೇಲೆ ಸೌತೆಕಾಯಿ ಮುರಿದಾಗ ಬರುತ್ತಲ್ಲ, ಹಾಗೆ. ಎಲ್ಲ ಹೋಯ್ತು ಅನ್ನೋವಾಗ ಗಂಟಲ ಹತ್ರ ಸಿಹಿ."

ಓರ್ಫೆಲಿನಾಳ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಇನ್ನೊಂದು ಸಿಂಪಿ ಬಿಡಿಸಿದಳು.

"ಇನ್ನೊಂದು ಸಲ ಹೇಳು ಅತ್ತಿಗೆ."