ಹಳೇ ಪೆಟ್ಟಿಗೆಯ ಬಿಳಿ ಮೂರು

೧೯೬೧ರಲ್ಲಿ ನಾನಿದ್ದ ಹುದ್ದೆಗೆ ಹಾಸನದ ಸುತ್ತಿನ ಹಳ್ಳಿಗಳಲ್ಲಿ ‘ಲೇಡಿ ಪಾರ್ಟು’ ಎಂದು ಹೆಸರು. ಆ ಪಾರ್ಟು ಮಾಡುವವಳಿಗೂ ಒಂದು ಹೆಸರಿರುತ್ತದೆ ಎನ್ನುವುದು ಯಾರ ತಲೆಗೂ ಹೋಗುತ್ತಿರಲಿಲ್ಲ. ‘ಲೇಡಿ ಪಾರ್ಟು ಬಂತಾ?’ ‘ಲೇಡಿ ಪಾರ್ಟಿಗೆ ಊಟ ಆಯ್ತಾ?’ ಬಾಡಿಗೆ ಪರದೆ ಬಂತೇ ಎಂದು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು. ನನ್ನ ಹೆಸರು ಕೋಮಲಮ್ಮ. ಹೆಸರಿಗೂ ನನಗೂ ಸಂಬಂಧವಿಲ್ಲ ಎಂದು ನಮ್ಮಮ್ಮನೇ ಹೇಳುತ್ತಿದ್ದಳು. ಈಗ ವಯಸ್ಸಾಗಿದೆ, ಕೋಪ ಇಳಿದಿಲ್ಲ. ಇಳಿಯಲಿ ಎಂದು ನಾನು ಯಾವ ದೇವರಿಗೂ ಹರಕೆ ಹೊತ್ತಿಲ್ಲ.

ಒಂಬತ್ತನೇ ವಯಸ್ಸಿಗೆ ನಾಟಕದ ಕಂಪನಿ ಸೇರಿದವಳು ನಾನು. ೧೯೫೬ರಲ್ಲಿ ನಮ್ಮ ಕಂಪನಿ ಹೊಳೆನರಸೀಪುರದಲ್ಲಿ ಕ್ಯಾಂಪು ಹಾಕಿದ್ದಾಗ ಮಾಲೀಕರು ಹೇಳದೆ ಕೇಳದೆ ಊರು ಬಿಟ್ಟರು. ಗಂಡಸು ನಟರು ದಿಕ್ಕಿಗೊಬ್ಬರಂತೆ ಚದುರಿಹೋದರು. ಅಮ್ಮನನ್ನು ಕಟ್ಟಿಕೊಂಡು ನಾನೆಲ್ಲಿಗೆ ಹೋಗಲಿ? ಅಲ್ಲೇ ಒಂದು ಕೋಣೆ ಹಿಡಿದು ಉಳಿದೆ. ನನಗೆ ಗೊತ್ತಿದ್ದದ್ದು ಹಾಡು, ಮಾತು, ಬಣ್ಣ. ಇವುಗಳಿಂದಲೇ ಕೊನೆಯವರೆಗೂ ಅನ್ನ ಉಣ್ಣುತ್ತೇನೆ ಎಂದು ಹಟ ತೊಟ್ಟೆ. ‘ಯಾರನ್ನಾದ್ರೂ ಕಟ್ಕೊಂಡು ತೆಪ್ಪಗಿರು’ ಎಂದು ಬುದ್ಧಿ ಹೇಳಲು ಬಂದವರಿಗೆ ನಾನು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಗಿನ ಪದ್ಧತಿ ಸ್ವಲ್ಪ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಹಳ್ಳಿಯ ಗಂಡಸರು ಸೇರಿ ಪೌರಾಣಿಕ ನಾಟಕ ಕಲಿಯುತ್ತಿದ್ದರು. ಕಲಿಸಲು ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರು. ಮೂರು ತಿಂಗಳು ತಾಲೀಮು. ರಾಜನಿಂದ ದೂತನವರೆಗೆ ಎಲ್ಲ ಪಾರ್ಟೂ ಊರಿನವರದೇ. ಹೆಂಗಸರ ಪಾರ್ಟಿಗೆ ಮಾತ್ರ ನಮ್ಮಂಥವರನ್ನು ಹೊರಗಿನಿಂದ ಕರೆಸಬೇಕು. ಕರೆಸುವವರು ಆ ಮೇಷ್ಟ್ರೇ. ನಾವು ನಾಟಕದ ದಿನ ಮಧ್ಯಾಹ್ನದ ಬಸ್ಸಿಗೆ ಬಂದು, ಬಣ್ಣ ಹಚ್ಚಿ, ಆಡಿ, ಮಾರನೇ ಬೆಳಿಗ್ಗೆ ಹೊರಡಬೇಕು. ನಮಗೆ ತಾಲೀಮೆಂಬುದೇ ಇಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲೂಕಿನ ನಾಟಕಗಳು ಹಾಸನದ ರುದ್ರಪ್ಪ ಮೇಷ್ಟ್ರ ಮುಷ್ಟಿಯಲ್ಲಿದ್ದವು. ಅವರಿಂದ ಕರೆಯ ಕಾರ್ಡು ಬಂದರೇ ನಮ್ಮ ಮನೆಯ ಒಲೆ ಉರಿಯಬೇಕು. ಅವರು ಮುನಿಸಿಕೊಂಡರೆ ನಾಲ್ಕು ತಾಲೂಕೂ ನಮ್ಮ ಪಾಲಿಗೆ ಮುಚ್ಚಿದ ಬಾಗಿಲು.

ಆ ವರ್ಷ ನುಗ್ಗೇಹಳ್ಳಿ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಊರಿನ ಹೆಸರು ಬೇಡ. ಆಗ ನನ್ನನ್ನು ಬೈದವರ ಮೊಮ್ಮಕ್ಕಳು ಈಗ ಸಿಕ್ಕಿದರೆ ನಮಸ್ಕಾರ ಹೇಳುತ್ತಾರೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸುವಾಗ ರುದ್ರಪ್ಪ ಮೇಷ್ಟ್ರು ಜೊತೆಯಾದರು. ಅವರ ತೊಡೆಯ ಮೇಲೆ ಹೊಚ್ಚ ಹೊಸ ಹಾರ್ಮೋನಿಯಂ ಪೆಟ್ಟಿಗೆ ಇತ್ತು. ಏಕಕಾಲಕ್ಕೆ ಮೂರು ಊರು ಒಪ್ಪಿಕೊಂಡಿದ್ದರಿಂದ ಈ ಊರಿಗೆ ತಮ್ಮ ಭಾಮೈದನನ್ನು ಹಳೇ ಪೆಟ್ಟಿಗೆ ಕೊಟ್ಟು ಕೂರಿಸಿದ್ದಾಗಿಯೂ, ತಾವು ಎರಡು ಸಲ ಬಂದು ಮುಖ ತೋರಿಸಿ ಹೋಗಿದ್ದಾಗಿಯೂ ಅವರೇ ದಾರಿಯಲ್ಲಿ ಹೇಳಿದರು. ನಾಟಕ ನೋಡಲು ಹತ್ತು ಊರಿನ ಜನ ಬರುತ್ತಾರೆ, ಅದಕ್ಕೇ ಹೊಸ ಪೆಟ್ಟಿಗೆ ಎಂದು ಅದರ ಮೇಲಿನ ಧೂಳನ್ನು ಮತ್ತೆ ಮತ್ತೆ ಒರೆಸುತ್ತಿದ್ದರು.

ಊರು ತಲುಪಿದಾಗ ಮೂರು ಗಂಟೆ. ಪಟೇಲರ ಜಗಲಿಯ ಮೇಲೆ ಕೂತು ರಾಜಾ ಪಾರ್ಟಿನ ಬೋರೇಗೌಡರು ತಮ್ಮ ಮೊದಲ ಹಾಡನ್ನು ತಾವೇ ಹಾಡಿಕೊಳ್ಳುತ್ತಿದ್ದರು. ನಲವತ್ತು ದಾಟಿದ ಒಕ್ಕಲು ಮನುಷ್ಯ, ಕಂಠ ಕಂಚಿನಂಥದ್ದು. ಮೂರು ತಿಂಗಳಿಂದ ಬೀಡಿ ಮುಟ್ಟಿಲ್ಲ, ಬಾಡೂಟ ಮುಟ್ಟಿಲ್ಲ ಎಂದು ಪಕ್ಕದವರು ಹೇಳಿದರು. ಆದರೆ ಹಾಡು ಗಾಂಧಾರಕ್ಕೆ, ಅಂದರೆ ಸರಿಗಮದ ‘ಗ’ ಸ್ವರಕ್ಕೆ, ಬಂದು ನಿಂತಾಗಲೆಲ್ಲ ಸ್ವರ ಇಳಿಯುತ್ತಿತ್ತು. ಒಂದು ಸಲವಲ್ಲ, ಪ್ರತಿ ಸಲ, ಅಷ್ಟೇ ಇಳಿತ. ಶ್ರುತಿ ಇಲ್ಲದವನು ಒಂದೊಂದು ಸಲ ಒಂದೊಂದು ರೀತಿ ತಪ್ಪುತ್ತಾನೆ. ಇವರದು ಹಾಗಲ್ಲ, ಇವರಿಗೆ ಯಾರೋ ತಪ್ಪನ್ನೇ ಅಚ್ಚುಕಟ್ಟಾಗಿ ಕಲಿಸಿದ್ದರು. ಜಗಲಿಯ ಕೆಳಗೆ ರಾಗಿ ಕೇರುತ್ತಿದ್ದ ಹೆಂಗಸು ಅದೇ ಹಾಡು ಗುನುಗುತ್ತಿದ್ದಳು. ಅವಳೂ ಅಲ್ಲೇ ಇಳಿದಳು.

ಹಳೇ ಪೆಟ್ಟಿಗೆ ಜಗಲಿಯ ಮೂಲೆಯಲ್ಲೇ ಇತ್ತು. ಹೋಗಿ ತಿದಿ ಒತ್ತಿದೆ. ಹಾರ್ಮೋನಿಯಂನ ಕೀಗಳನ್ನು ನಾವು ಬಿಳಿ ಒಂದು, ಬಿಳಿ ಎರಡು, ಕರಿ ಒಂದು ಎಂದು ಎಣಿಸುತ್ತೇವೆ. ಶ್ರುತಿಯನ್ನು ಬಿಳಿ ಒಂದಕ್ಕೆ ಇಟ್ಟರೆ ಈ ಹಾಡುಗಳ ಗಾಂಧಾರ ಬರುವುದು ಬಿಳಿ ಮೂರರಲ್ಲಿ. ಬಿಳಿ ಮೂರು ಒತ್ತಿದೆ. ಒಳಗಿನ ರೀಡು, ಅಂದರೆ ಸ್ವರ ಹೊರಡಿಸುವ ಲೋಹದ ಪಟ್ಟಿ, ತುಕ್ಕೋ ಧೂಳೋ ಹಿಡಿದು ಸ್ವರ ಇಳಿದುಹೋಗಿತ್ತು. ಮೇಷ್ಟ್ರ ಭಾಮೈದನಿಗೆ ಅದು ಗೊತ್ತಾಗಿಲ್ಲ. ಇಡೀ ಊರು ಮೂರು ತಿಂಗಳು ಕೆಟ್ಟ ರೀಡಿನ ಹಿಂದೆ ಹಾಡಿ ಹಾಡಿ ಅದನ್ನೇ ಸರಿ ಎಂದು ಗಟ್ಟಿ ಮಾಡಿಕೊಂಡಿತ್ತು. ಇವತ್ತು ಹೊಸ ಪೆಟ್ಟಿಗೆ ನುಡಿದರೆ ಗತಿಯೇನು?

‘ಮೇಷ್ಟ್ರೇ, ಈ ಹಳೇ ಪೆಟ್ಟಿಗೆ...’ ಎಂದು ಶುರುಮಾಡಿದೆ.

‘ಪೆಟ್ಟಿಗೆ ತಂಟೆ ನಿಂಗ್ಯಾಕಮ್ಮ? ಓಗು, ಬಣ್ಣ ಹಚ್ಕೋ. ಬರೋ ತಿಂಗ್ಳು ಅರಕಲಗೂಡಿನ್ ಕಡೆ ಎರಡು ನಾಟ್ಕ ಅವೆ, ನೆಪ್ಪೈತಲ್ಲ?’ ಎಂದರು ಮೇಷ್ಟ್ರು. ಬೆದರಿಕೆಯನ್ನು ಇಷ್ಟು ನಯವಾಗಿ ಹಾಕುವವರನ್ನು ನಾನು ಆಮೇಲೆ ಕಂಡಿಲ್ಲ.

ಅಷ್ಟರಲ್ಲಿ ಬೋರೇಗೌಡರು ನನ್ನ ಕಡೆ ತಿರುಗಿದರು. ‘ಯಮ್ಮಾ, ನೀವು ಕಂಪನಿಲಿ ಇದ್ದೋರಂತೆ. ಎಂಗೈತೆ ನನ್ ಪದ? ನಿಜ ಯೋಳಿ.’

ನಿಜ ಹೇಳಿ ಎಂದರು. ಹೇಳಿದ್ದರೆ ಹಳೇ ಪೆಟ್ಟಿಗೆಯಲ್ಲೇ ನಾಟಕ ಆಡಿಸಬಹುದಿತ್ತು, ಊರಿನ ಮಾನ ಉಳಿಯುತ್ತಿತ್ತು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಅಮ್ಮನ ನೆನಪಾಯಿತು, ಕಾರ್ಡಿನ ನೆನಪಾಯಿತು.

‘ಚೆನ್ನಾಗಿದೆ ಗೌಡ್ರೇ’ ಎಂದೆ.

ಆ ರಾತ್ರಿಯ ಅವಮಾನವನ್ನು ಉದ್ದ ಮಾಡುವುದಿಲ್ಲ. ಹೊಸ ಪೆಟ್ಟಿಗೆಯ ಗಾಂಧಾರ ಒಂದು ಕಡೆ, ಬೋರೇಗೌಡರ ಗಾಂಧಾರ ಒಂದು ಕಡೆ. ಮೊದಲ ಹಾಡಿಗೇ ಜನ ಗುಸುಗುಸು ಶುರುಮಾಡಿದರು. ಮೂರನೇ ಹಾಡು ರಾಜ ರಾಣಿ ಇಬ್ಬರೂ ಕೂಡಿ ಹಾಡುವಂಥದ್ದು. ನಾನು ಪೆಟ್ಟಿಗೆಗೆ ಸರಿಯಾಗಿ ಹಾಡಿದೆ, ಗೌಡರು ತಾವು ಕಲಿತಂತೆ ಹಾಡಿದರು. ಕೇಳುವವರ ಹಲ್ಲು ಜುಮ್ಮೆನ್ನುವಂತಾಯಿತು. ಊರಿನವರಿಗೆ ಗೌಡರ ಹಾಡು ಮೂರು ತಿಂಗಳಿಂದ ಬಾಯಿಪಾಠ. ಅವರ ಕಿವಿಗೆ ಹೊಸದಾಗಿ, ವಿಕಾರವಾಗಿ ಕೇಳಿಸಿದ್ದು ನನ್ನ ದನಿ.

‘ಯಕ್ಕೋ, ಪದ ಕಲ್ತ್ಕಂಡು ಬಾ ಓಗು!’ ಎಂದು ಒಬ್ಬ ಕೂಗಿದ. ಅವನ ಹಿಂದೆ ನೂರು ಜನ ಕೂಗಿದರು. ಮಣ್ಣಿನ ಹೆಂಟೆ ಬಂದು ನನ್ನ ಭುಜಕ್ಕೆ ಬಡಿಯಿತು. ಆಗ ರುದ್ರಪ್ಪ ಮೇಷ್ಟ್ರು ಬಾರಿಸುವುದನ್ನು ನಿಲ್ಲಿಸಿ, ಎದ್ದು ನಿಂತು, ಪಟೇಲರಿಗೆ ಕೇಳುವ ಹಾಗೆ ಹೇಳಿದರು: ‘ಲೇಡಿ ಪಾರ್ಟು ಶ್ರುತಿ ಕೆಡಿಸ್ಬುಡ್ತು ಸಾ. ನಾನೇನ್ ಮಾಡ್ಲಿ?’

ಬೋರೇಗೌಡರು ಕಿರೀಟ ತೆಗೆದು ನನ್ನ ಕಾಲ ಬಳಿ ಎಸೆದು ಒಳಗೆ ಹೋದರು. ಅವರ ಹೆಂಡತಿಯ ತವರಿನವರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾಟಕ ಅಲ್ಲಿಗೇ ನಿಂತಿತು.

ಬೆಳಿಗ್ಗೆ ಏಳು ಗಂಟೆಗೆ ಪಟೇಲರ ಜಗಲಿಯಲ್ಲಿ ನ್ಯಾಯ ಸೇರಿತು. ಬಟ್ಟೆ, ಬಣ್ಣ, ಒಡವೆ ಇದ್ದ ನನ್ನ ಟ್ರಂಕನ್ನು ರಾತ್ರಿಯೇ ಎತ್ತಿಟ್ಟುಕೊಂಡಿದ್ದರು. ಪಟೇಲರು ಎರಡೇ ಮಾತಿನಲ್ಲಿ ತೀರ್ಮಾನ ಹೇಳಿದರು. ಟ್ರಂಕು ಇಲ್ಲೇ ಇರಲಿ. ಇವಳನ್ನು ಯಾವ ಊರೂ ಕರೆಯಬಾರದೆಂದು ನಾಲ್ಕು ತಾಲೂಕಿಗೂ ಸುದ್ದಿ ಹೋಗಲಿ. ಟ್ರಂಕು ಹೋದರೆ ಇನ್ನೊಂದು ಹೊಂದಿಸಬಹುದು. ಹೆಸರು ಹೋದರೆ? ಲೇಡಿ ಪಾರ್ಟಿಗೂ ಒಂದು ಹೆಸರಿದೆ ಎಂದು ಅವರಿಗೆಲ್ಲ ನೆನಪಾಗಿದ್ದು ಅದನ್ನು ಕೆಡಿಸುವ ಹೊತ್ತಿಗೆ! ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

‘ಹಳೇ ಪೆಟ್ಟಿಗೆ ತನ್ನಿ. ಮೇಷ್ಟ್ರ ಹೊಸದೂ ಇಲ್ಲಿಡಿ. ಆಮೇಲೆ ಟ್ರಂಕಲ್ಲ, ನನ್ನನ್ನೇ ಇಟ್ಟುಕೊಂಡು ದನ ಕಾಯಿಸಿ’ ಎಂದೆ.

‘ಎಂಗಸ್ರ ಮಾತ್ಗೆ ಪೆಟ್ಗೆ ಬಿಚ್ಚದಾ ಸಾ?’ ಎಂದು ಮೇಷ್ಟ್ರು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಪಟೇಲರು ತರಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು, ತಿದಿ ಒತ್ತಲು ಇಬ್ಬರು ಹುಡುಗರನ್ನು ಕೂರಿಸಿದೆ. ಮೊದಲು ಎರಡರಲ್ಲೂ ಬಿಳಿ ಒಂದು ಒತ್ತಿದೆ, ಒಂದೇ ದನಿ. ಬಿಳಿ ಎರಡು, ಒಂದೇ ದನಿ. ಆಮೇಲೆ ಬಿಳಿ ಮೂರು ಒತ್ತಿ ಹಿಡಿದೆ. ಎರಡು ಪೆಟ್ಟಿಗೆಗಳೂ ಜಗಳಕ್ಕೆ ಬಿದ್ದವು. ಸಂಗೀತ ಗೊತ್ತಿಲ್ಲದವರಿಗೂ ಕೇಳಿಸಿತು, ದನದ ಹಗ್ಗ ಹಿಡಿದು ನಿಂತಿದ್ದವನಿಗೂ ಕೇಳಿಸಿತು. ನಾನು ಬೆರಳು ತೆಗೆಯಲೇ ಇಲ್ಲ. ಮೇಷ್ಟ್ರ ಮುಖ ನೋಡುತ್ತ ಒತ್ತಿ ಹಿಡಿದೇ ಇದ್ದೆ. ಹೊಟ್ಟೆ ತಣ್ಣಗಾಗುವವರೆಗೆ ಎಂದರೂ ತಪ್ಪಿಲ್ಲ.

ಬೋರೇಗೌಡರು ಮುಂದೆ ಬಂದರು. ರಾತ್ರಿಯ ಬಣ್ಣ ಕಿವಿಯ ಹಿಂದೆ ಇನ್ನೂ ಉಳಿದಿತ್ತು. ‘ಹಳೇದ್ರಲ್ಲಿ ನನ್ ಪದ ನುಡ್ಸು’ ಎಂದರು. ನುಡಿಸಿದೆ. ಹಾಡಿದರು, ಸರಿ ಕೂತಿತು. ‘ಈಗ ಹೊಸದ್ರಲ್ಲಿ’ ಎಂದರು. ಹಾಡಿ, ಗಾಂಧಾರದ ಹತ್ತಿರ ನಿಂತುಬಿಟ್ಟರು. ಮುಂದಕ್ಕೆ ಹೋಗಲಿಲ್ಲ.

ಪಟೇಲರು ಮೇಷ್ಟ್ರನ್ನು ಬೈದರು. ನಿಮ್ಮ ಊರಿನ ಥಂಡಿಗೆ ರೀಡು ಕೆಟ್ಟಿದೆ, ತಪ್ಪು ಊರಿನದೇ ಎಂದು ಮೇಷ್ಟ್ರು ವಾದಿಸಿದರು. ಟ್ರಂಕು ವಾಪಸು ಬಂತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಹೇಳುವುದಿರಲಿ, ಮೊದಲಿಗಿಂತ ಕೆಟ್ಟದಾಗಿ ನೋಡಿದರು. ಇಡೀ ಊರು ಮೂರು ತಿಂಗಳು ತಪ್ಪು ಹಾಡಿದೆ ಎಂದು ಹೊರಗಿನ ಹೆಂಗಸೊಬ್ಬಳು ಹಾಡುಹಗಲೇ ತೋರಿಸಿಕೊಟ್ಟರೆ ಯಾರಿಗೆ ತಾನೇ ಹಿಡಿಸುತ್ತದೆ?

ಟ್ರಂಕು ಎತ್ತಿಕೊಂಡು ಬಸ್ಸಿನ ದಾರಿ ಹಿಡಿದಾಗ ಬೋರೇಗೌಡರು ಹಿಂದೆಯೇ ಬಂದರು.

‘ನೆನ್ನೆ ಮದ್ಯಾನ ನೀನು ಆ ಹಳೇ ಪೆಟ್ಗೆ ಒತ್ತಿ ನೋಡ್ದಲ್ಲ. ಆಗ್ಲೇ ಗೊತ್ತಾಗಿತ್ತಾ?’

ಸುಳ್ಳು ಹೇಳಬಹುದಿತ್ತು. ನಿನ್ನೆಯ ಒಂದು ಸುಳ್ಳೇ ಸಾಕಾಗಿತ್ತು. ‘ಗೊತ್ತಾಗಿತ್ತು’ ಎಂದೆ.

‘ನಾನು ಕೇಳ್ದೆ. ನಿಜ ಯೋಳಿ ಅಂತ ಬಾಯ್ಬುಟ್ಟು ಕೇಳ್ದೆ. ಚೆನ್ನಾಗೈತೆ ಅಂದ್ಬುಟ್ಟೆ ಕಣಮ್ಮ ನೀನು.’

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ರಾತ್ರಿ ಇಡೀ ಊರು ಬೈದಾಗ ಬಾರದ ಅಳು ಆಗ ಬಂತು. ಅವರು ತಿರುಗಿ ನೋಡದೆ ಹೊರಟುಹೋದರು.

ರುದ್ರಪ್ಪ ಮೇಷ್ಟ್ರು ತಮ್ಮ ಕೆಲಸ ಬಿಡಲಿಲ್ಲ. ಕೋಮಲಮ್ಮ ಜಗಳಗಂಟಿ, ನಾಟಕ ನಿಲ್ಲಿಸಿದವಳು ಎಂದು ಊರೂರಿಗೂ ಹೇಳಿ ಕಳಿಸಿದರು. ಯಾರನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿದ್ದೆನೋ ಅವರೇ ನನ್ನ ಬಾಗಿಲು ಮುಚ್ಚಿದರು. ಒಂದು ವರ್ಷ ಒಂದೇ ಒಂದು ಕಾರ್ಡು ಬರಲಿಲ್ಲ. ಅಮ್ಮ ಮುತ್ತುಗದ ಊಟದೆಲೆ ಹಚ್ಚಿ ಮಾರಿದಳು, ನಾನು ಎಲೆ ಹಚ್ಚುತ್ತ ಹಾಡಿಕೊಂಡೆ. ಹಾಡದೆ ಬಿಟ್ಟರೆ ಮೇಷ್ಟ್ರು ಗೆದ್ದ ಹಾಗೆ ಎನ್ನುವ ಒಂದೇ ಛಲ.

೧೯೬೨ರ ಸುಗ್ಗಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಳೆನರಸೀಪುರದ ನಮ್ಮ ಕೋಣೆಯ ಬಾಗಿಲಲ್ಲಿ ಬೋರೇಗೌಡರು ನಿಂತಿದ್ದರು. ಕೂರಿ ಎಂದೆ. ಕೂರಲಿಲ್ಲ. ಮುಖದಲ್ಲಿ ಸ್ನೇಹದ ಸುಳಿವೇ ಇಲ್ಲ.

‘ಅದೇ ನಾಟ್ಕ ಇನ್ನೊಂದ್ಸಲ ಆಡ್ತೀವಿ. ಮೇಷ್ಟ್ರು ಬೇಕು.’

‘ಹಾಸನಕ್ಕೆ ಹೋಗಿ. ಮೇಷ್ಟ್ರು ಅಲ್ಲಿದ್ದಾರೆ’ ಎಂದೆ, ನಾನೂ ಬಿಗಿಯಾಗಿಯೇ.

‘ನೀವೇ ಬಂದು ಕಲ್ಸಿ. ಎಂಗಸ್ರು ಮೇಷ್ಟ್ರಾದ್ರೆ ನಗ್ತಾರೆ ಅಂತ ಊರಲ್ಲಿ ಅಂದ್ರು. ನಾನಾಗ್ಲೇ ನಗ್ಸ್ಕೊಂಡಾಗೈತೆ, ಇನ್ನೇನು?’ ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ‘ಕಿವಿ ಐತೆ ನಿಮ್ಗೆ, ಅದು ನೋಡಾಯ್ತು. ಈ ಸಲ ಬಾಯೂ ತಕ್ಕಂಡ್ ಬನ್ನಿ ಕ್ವಾಮಲಮ್ಮೋರೆ.’

ಹೋದೆ. ಆ ಊರಾದ ಮೇಲೆ ಬೇರೆ ಹಳ್ಳಿಗಳು ಒಂದೊಂದಾಗಿ ಸೇರಿದವು: ಹಳೇಕೋಟೆ ಕಡೆ ಎರಡು, ಅರಕಲಗೂಡಿನ ಕಡೆ ನಾಲ್ಕು. ‘ಎಂಗಸ್ರು ಮೇಷ್ಟ್ರು’ ಎಂದು ನಕ್ಕವರು ನಗುತ್ತಲೇ ಕಲಿತರು. ಮುಂದೆ ಮೂವತ್ತು ವರ್ಷ ಅದರಿಂದಲೇ ಬದುಕಿದೆ. ಕಲೆಯಲ್ಲಿ ಬಾಳಿಕೆ ಬರುವುದು ಹೇಗೆ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಕಂಠ ಬೇಕು, ಜನರ ಪರಿಚಯ ಬೇಕು ಎಂದೆಲ್ಲ ನಾನು ಹೇಳುವುದಿಲ್ಲ. ನನಗೆ ಕಂಠವೂ ಇತ್ತು, ಮೇಷ್ಟ್ರ ಪರಿಚಯವೂ ಇತ್ತು. ಎರಡೂ ಸೇರಿ ನನ್ನನ್ನು ಎಲೆ ಹಚ್ಚಲು ಕೂರಿಸಿದವು. ನನ್ನನ್ನು ಮತ್ತೆ ಎಬ್ಬಿಸಿದ್ದು ಬಸ್ಸಿನ ದಾರಿಯಲ್ಲಿ ತಡವಾಗಿ ಆಡಿದ ಒಂದು ನಿಜ.

ಆ ಊರಿನ ಮೊದಲ ದಿನದ ತಾಲೀಮು ಹೇಳಿ ಮುಗಿಸುತ್ತೇನೆ. ಅದೇ ಜಗಲಿ. ಮೇಷ್ಟ್ರು ಅಲ್ಲೇ ಬಿಟ್ಟುಹೋಗಿದ್ದ, ಈಗ ಹೊಸ ರೀಡು ಹಾಕಿಸಿದ ಹಳೇ ಪೆಟ್ಟಿಗೆಯ ಒಂದೊಂದು ಕೀಯನ್ನೂ ಎಲ್ಲರ ಎದುರಿಗೆ ಒತ್ತಿ ತೋರಿಸಿದೆ. ಬೋರೇಗೌಡರು ತಮ್ಮ ಹಾಡು ಹಾಡಿದರು. ಮೂರು ತಿಂಗಳು ಕಲಿತ ತಪ್ಪು ಒಂದು ವರ್ಷಕ್ಕೆಲ್ಲಿ ಹೋಗುತ್ತದೆ? ಗಾಂಧಾರ ಅಲ್ಲೇ ಇಳಿಯಿತು. ಹಾಡು ಮುಗಿಸಿ ನನ್ನ ಕಡೆ ತಿರುಗಿದರು. ಜಗಲಿ ತುಂಬ ಜನ.

‘ಎಂಗೈತೆ?’ ಎಂದರು.

‘ಕೆಟ್ಟದಾಗಿದೆ ಗೌಡ್ರೇ’ ಎಂದೆ.

ಬೋರೇಗೌಡರು ಚಕ್ಕಳಮಕ್ಕಳ ಹಾಕಿ ಪೆಟ್ಟಿಗೆಯ ಎದುರಿಗೆ ಕೂತರು. ‘ಅಂಗಾರೆ ಕಲ್ಸಿ’ ಎಂದರು.