ಸೆನೆಗಲ್, ಫ್ರಾನ್ಸ್ ಮತ್ತು ಒಂದು ಚೊಂಬು ನೀರು

ನಮ್ಮ ಭೂಗೋಳದ ಮೇಷ್ಟ್ರ ಬಲಗೈ ಮೊಣಕೈತನಕ ಬೆಳ್ಳಗಿರುತ್ತಿತ್ತು. ಡಸ್ಟರ್ ಮೇಜಿನ ಮೇಲೇ ಇದ್ದರೂ ಅವರು ಅದನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಅಂಗೈಯಿಂದ, ಅದು ಸಾಲದಿದ್ದರೆ ಮುಂಗೈಯಿಂದ ಒರೆಸುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಆ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದು ನಡೆಯುತ್ತಿದ್ದರು. ಹೊಸಿಲಲ್ಲಿ ಕಾದಿರುತ್ತಿದ್ದ ಅವರ ಒಂದೂವರೆ ವರ್ಷದ ಮಗಳು ಬಂದು ಆ ಬಿಳಿ ಕೈಗೇ ಜೋತುಬೀಳುತ್ತಿದ್ದಳು. ಅವಳ ಕೆನ್ನೆಗೆಲ್ಲ ಸೀಮೆಸುಣ್ಣ. ಇದನ್ನು ನಾನು ದಿನವೂ ನೋಡುತ್ತಿದ್ದೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮಪ್ಪ ರಾಮಗಿರಿ ಸ್ಟೇಷನ್ನಿನಲ್ಲಿ ಗ್ಯಾಂಗ್‌ಮನ್. ಅವ್ವ ಸುಗ್ಗಿಯಲ್ಲಿ ಶೇಂಗಾ ಸುಲಿಯಲು ಹೋಗುತ್ತಿದ್ದಳು. ನಾನು ಹೈಸ್ಕೂಲಿನ ಕೊನೆಯ ಕ್ಲಾಸಿನಲ್ಲಿದ್ದೆ, ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಮೇಷ್ಟ್ರ ಮನೆಯಲ್ಲಿ ನಾಲ್ಕೇ ಜನ: ಮೇಷ್ಟ್ರು, ಅವರ ಅವ್ವ, ಹೆಂಡತಿ, ಆ ಕೂಸು. ಹೆಂಡತಿ ಹಿರಿಯೂರಿನ ಕಡೆಯವರು, ನಾನು ಅಕ್ಕ ಎನ್ನುತ್ತಿದ್ದೆ. ಅವರು ಮಾತಾಡಿದ್ದನ್ನು ಕೇಳಿದವರು ಬೀದಿಯಲ್ಲಿ ಕಡಿಮೆ. ಅತ್ತೆಯ ಮಾತು ಇಡೀ ಬೀದಿಗೇ ಸಾಕಾಗುವಷ್ಟಿತ್ತು. ಯಾರ ಮನೆಯಲ್ಲಿ ಮಗುವಿಗೆ ಮೈಬೆಚ್ಚಗಾದರೂ ಮೊದಲು ಕರೆ ಹೋಗುತ್ತಿದ್ದದ್ದು ಆ ಅಜ್ಜಿಗೆ.

ಮೇಷ್ಟ್ರಿಗೆ ಒಂದು ಪಾಠದ ಹುಚ್ಚಿತ್ತು. ಬೋರ್ಡಿನ ನಡುವೆ ಮೇಲಿಂದ ಕೆಳಗೆ ಒಂದೇ ಉಸಿರಿಗೆ ಗೆರೆ ಎಳೆದು, ಎಡಕ್ಕೆ ಸೆನೆಗಲ್, ಬಲಕ್ಕೆ ಫ್ರಾನ್ಸ್ ಎಂದು ಬರೆಯುತ್ತಿದ್ದರು. ಪಠ್ಯಪುಸ್ತಕದಲ್ಲಿ ಸೆನೆಗಲ್ಲಿಗೆ ಸಿಕ್ಕಿದ್ದು ಎರಡು ಸಾಲು. ಶಾಲೆಯ ಅಟ್ಲಾಸಿನಲ್ಲಿ ಅದೂ ಇರಲಿಲ್ಲ. ಆ ಅಟ್ಲಾಸು ಎಷ್ಟು ಹಳತೆಂದರೆ ಆಫ್ರಿಕದ ಪಶ್ಚಿಮಕ್ಕೆಲ್ಲ ಫ್ರೆಂಚರ ಬಣ್ಣವೇ ಬಳಿದಿತ್ತು. ಮೇಷ್ಟ್ರು ಮಸಿಯಲ್ಲಿ ಗಡಿ ಗೀಚಿ ಹೆಸರು ಬರೆದಿದ್ದರು. ತಿಂಗಳಿಗೊಮ್ಮೆ ಬಸ್ಸು ಹಿಡಿದು ಚಿತ್ರದುರ್ಗದ ಲೈಬ್ರರಿಗೆ ಹೋಗಿ, ಇಂಗ್ಲಿಷ್ ಪುಸ್ತಕಗಳಿಂದ ಬರೆದುಕೊಂಡು ಬರುತ್ತಿದ್ದರು. ಬರುವಾಗ ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಕಂಕುಳಲ್ಲಿ ನೋಟ್ ಪುಸ್ತಕ.

"ಮನ್ಯಾಗೆ ಶೇಂಗಾ ಸುಲಿಯೋರು ಕೈ ಎತ್ರಿ" ಎಂದರು ಮೊದಲ ದಿನ. ಮುಕ್ಕಾಲು ಕ್ಲಾಸು ಕೈ ಎತ್ತಿತು.

"ಹಂಗಾದ್ರೆ ನಿಮಗೆ ಸೆನೆಗಲ್ ಗೊತ್ತೈತೆ. ಅಲ್ಲೂ ಇದೇ ಬೆಳೆ, ಇದೇ ಕೆಂಪು ಮಣ್ಣು. ಹೊಲದಿಂದ ಬಂದರಿಗೆ ರೈಲು. ಬಂದರಿನಿಂದ ಹಡಗು ಫ್ರಾನ್ಸಿಗೆ. ಗಾಣ ಅಲ್ಲೈತೆ."

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಫ್ರಾನ್ಸಿನಾಗೆ ಶೇಂಗಾ ಬೆಳೀತಾರಾ?"

"ಇಲ್ಲವ್ವ."

"ಮತ್ತೆ ಅವ್ರು ಹೆಂಗೆ ಸಾವ್ಕಾರ್ರಾದ್ರು?"

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಅವಳ ಕಡೆ ಕೈಮುಗಿದರು. ಆ ಪೀರಿಯಡ್ಡು, ಮುಂದಿನ ಪೀರಿಯಡ್ಡು ಎರಡೂ ಆ ಪ್ರಶ್ನೆಗೇ ಹೋದವು. ಬೆಳೆಯುವವನು ಒಬ್ಬ, ರೇಟು ಹೇಳುವವನು ಇನ್ನೊಬ್ಬ. ಸೆನೆಗಲ್ಲಿನವರು ಸಜ್ಜೆ ಬೆಳೆಯುತ್ತಿದ್ದ ಹೊಲದಲ್ಲೂ ಶೇಂಗಾ ಹಾಕಿ, ಅದನ್ನು ಮಾರಿ, ಹಡಗಿನಲ್ಲಿ ಬಂದ ನುಚ್ಚಕ್ಕಿಯನ್ನು ಕೊಂಡು ತಿನ್ನುತ್ತಾರೆ. ಫ್ರಾನ್ಸಿನವರಿಗೆ ಗೋಧಿಯೂ ಇದೆ, ಕಬ್ಬಿಣವೂ ಇದೆ, ಗಾಣವೂ ಇದೆ, ಹಡಗೂ ಇದೆ. ಆಮೇಲೆ ನಮ್ಮನ್ನೆಲ್ಲ ಸಾಲಾಗಿ ಸ್ಟೇಷನ್ನಿಗೆ ಕರೆದೊಯ್ದು, ಗೂಡ್ಸ್ ಗಾಡಿಗೆ ಏರಿಸಲು ಅಟ್ಟಿ ಹಾಕಿದ್ದ ಶೇಂಗಾ ಮೂಟೆಗಳ ಮುಂದೆ ನಿಲ್ಲಿಸಿದರು. "ಯಾಕೆ ಅಂತ ಕೇಳ್ರಿ. ಕೇಳದಿದ್ರೆ ಭೂಗೋಳ ಬರೀ ಊರ ಹೆಸರಿನ ಪಟ್ಟಿ" ಎಂದರು. ಮೂಟೆಯ ಮೇಲೆ ಕುಳಿತಿದ್ದ ನಮ್ಮಪ್ಪ ನನ್ನನ್ನು ನೋಡಿ ಬೀಡಿ ಆರಿಸಿದ.

ಆ ಪಾಠದ ಕೊನೆಯ ಭಾಗಕ್ಕೆ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಗೆರೆಯ ಎರಡೂ ಕಡೆ ಸಾಲಾಗಿ ಸೊನ್ನೆ ಬರೆದರು. ಹುಟ್ಟಿದ ಮಕ್ಕಳು ಅಂದರು. ಎಡಗಡೆಯ ಸೊನ್ನೆಗಳನ್ನು ಅಂಗೈಯಿಂದ ಒಂದೊಂದಾಗಿ ಅಳಿಸುತ್ತಾ ಬಂದರು. ಬಲಗಡೆ ಕೈ ಹಾಕಲೇ ಇಲ್ಲ ಎನ್ನಬೇಕು.

"ಈ ಮಕ್ಕಳು ದೊಡ್ಡ ರೋಗ ಬಂದು ಸಾಯಲ್ಲ. ಭೇದಿ ಆಗ್ತೈತೆ, ಮೈಯಾಗಿನ ನೀರೆಲ್ಲ ಹೋಗ್ತೈತೆ, ಸಾಯ್ತಾವೆ. ಫ್ರಾನ್ಸಿನಾಗೆ ಆಸ್ಪತ್ರೆಗೆ ಒಯ್ದು ನೀರು ಏರುಸ್ತಾರೆ, ಉಳೀತಾವೆ."

ನಾವು ಬರೆದುಕೊಂಡೆವು. ಅವರ ಮಗಳಿಗೆ ಆಗ ಎರಡು ದಿನದಿಂದ ಭೇದಿಯಾಗುತ್ತಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬೋರ್ಡಿಗೂ ಮನೆಗೂ ಇದ್ದ ಸಂಬಂಧ ನಮ್ಮಿಬ್ಬರಿಗೂ ಹೊಳೆಯಲಿಲ್ಲ ಎಂದರೆ ಇವತ್ತು ಯಾರು ನಂಬುತ್ತಾರೆ? ನನಗೇ ನಂಬಲಾಗುವುದಿಲ್ಲ. ಸೆನೆಗಲ್ ಅಷ್ಟು ದೂರವಿತ್ತು.

ನಮ್ಮ ಕಡೆ ಭೇದಿಯಾದ ಮಗುವಿಗೆ ನೀರು ನಿಲ್ಲಿಸುವುದು ವಾಡಿಕೆ. ಕುಡಿದದ್ದೆಲ್ಲ ಹೊರಗೆ ಹೋಗುತ್ತದೆ, ಹೊಟ್ಟೆ ಒಣಗಿದರೆ ಭೇದಿಯೂ ನಿಲ್ಲುತ್ತದೆ ಎಂಬ ಲೆಕ್ಕ. ನಮ್ಮವ್ವ ನನಗೂ ಹಾಗೇ ಮಾಡಿದ್ದಳಂತೆ. ಅಜ್ಜಿ ಅದನ್ನೇ ಮಾಡಿದ್ದರು. ಶುಕ್ರವಾರ ಸಂಜೆ ಆ ಕೂಸು ನನ್ನ ಕಂಕುಳಲ್ಲಿತ್ತು. ಮೂಲೆಯಲ್ಲಿದ್ದ ಚೊಂಬನ್ನು ನೋಡಿ "ನೀಯಿ, ನೀಯಿ" ಎಂದು ಕೈ ಚಾಚಿತು. ನಾನು ಅದನ್ನು ಹೊರಗೆ ಒಯ್ದು ಗೂಡ್ಸ್ ಗಾಡಿ ತೋರಿಸಿದೆ. ಗಾಡಿ ಹೋದ ಮೇಲೂ ಅದು ಚೊಂಬಿದ್ದ ಕಡೆಗೇ ಕತ್ತು ತಿರುಗಿಸುತ್ತಿತ್ತು. ಕೊಡಬೇಡ ಎಂದಿದ್ದರು, ಕೊಡಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದ ಮೇಷ್ಟ್ರು ಕೂಸಿನ ಕಣ್ಣು ಗುಳಿಬಿದ್ದದ್ದು ನೋಡಿ ನಿಂತರು. ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

"ಅವ್ವ, ಒಂದು ಗುಟುಕು ಕೊಡಾಣ."

"ಆರು ಹೆತ್ತೋಳು ನಾನು. ನೀನು ಬೋರ್ಡಿನ ಮ್ಯಾಲೆ ಬರ್ಕ ಹೋಗು."

ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ. ಮೇಷ್ಟ್ರು ಜಗಲಿಗೆ ಬಂದು ಕುಳಿತರು.

ಭಾನುವಾರ ಬೆಳಗಿನ ಬಸ್ಸಿಗೆ ಮೇಷ್ಟ್ರೂ ಅಕ್ಕನೂ ಕೂಸನ್ನೆತ್ತಿಕೊಂಡು ಹೊಳಲ್ಕೆರೆಯ ಆಸ್ಪತ್ರೆಗೆ ಹೊರಟರು. ಬಟ್ಟೆಯ ಚೀಲ ಹಿಡಿದು ನಾನೂ ಹೋದೆ. ಡಾಕ್ಟರು ಕೂಸಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಅದು ಚಿವುಟಿದಂತೆಯೇ ನಿಂತಿತು. ಎಷ್ಟು ದಿನದಿಂದ ನೀರು ಕೊಟ್ಟಿಲ್ಲ ಎಂದು ಕೇಳಿದರು. ಸೂಜಿ ಹಾಕಲು ನರ ಹುಡುಕುತ್ತಲೇ ಮೆಲ್ಲಗೆ ಹೇಳಿದರು: "ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ ಹಾಕಿ ಗುಟುಕು ಗುಟುಕೇ ಕುಡಿಸಿದ್ರೆ ಸಾಕಿತ್ತು. ಇಲ್ಲೀತನಕ ಬರೋದೇ ಬೇಕಿರಲಿಲ್ಲ." ನರ ಸಿಗಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಕೂಸು ಹೋಯಿತು.

ಸತ್ತ ಮಗುವನ್ನು ಬಸ್ಸಿಗೆ ಹತ್ತಿಸುವುದಿಲ್ಲವೆಂಬ ಭಯಕ್ಕೆ ಅಕ್ಕ ಅದನ್ನು ಮಲಗಿದಂತೆ ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತಾ ಕುಳಿತರು. ರಾಮಗಿರಿ ಗುಡ್ಡ ಕಾಣುವತನಕ ತಟ್ಟುತ್ತಲೇ ಇದ್ದರು. ಇಳಿಯುವ ಮುಂಚೆ ಮೇಷ್ಟ್ರು ನನ್ನ ಕಡೆ ಬಗ್ಗಿದರು.

"ಡಾಕ್ಟ್ರು ನೀರಿನ ವಿಷಯ ಹೇಳಿದ್ದು ನಮ್ಮವ್ವಗೆ ಹೇಳಬ್ಯಾಡ ಕಣವ್ವ. ಗೊತ್ತಾದ್ರೆ ಬದುಕಲ್ಲ."

ನಾನು ಹೇಳಲಿಲ್ಲ.

ಹದಿನೈದು ದಿನದ ಮೇಲೆ ಶಾಲೆಗೆ ಬಂದವರು ಬೋರ್ಡಿನ ಮೇಲೆ ಒಂದಲ್ಲ, ಎರಡು ಗೆರೆ ಎಳೆದರು. ಸೆನೆಗಲ್, ಫ್ರಾನ್ಸ್, ಮೂರನೆಯದು ರಾಮಗಿರಿ. "ಈ ಎರಡು ದೇಶಾನ ನಾವು ಎಲ್ಲಿ ಕುಂತು ನೋಡ್ತಿದ್ವಿ ಅಂತ ನಾನು ಬರೀಲೇ ಇಲ್ಲ" ಎಂದರು. ಒಬ್ಬೊಬ್ಬರಿಗೆ ಒಂದೊಂದು ಬೀದಿ ಹಂಚಿ, ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು, ನೀರು ಎಲ್ಲಿಂದ ತರುತ್ತಾರೆ, ಭೇದಿಯಾದಾಗ ಕೊಡುತ್ತಾರೋ ಇಲ್ಲವೋ, ಕೇಳಿ ಬರೆದು ತನ್ನಿ ಎಂದರು. ಬಂದದ್ದನ್ನೆಲ್ಲ ಮೂರನೆಯ ಕಾಲಂನಲ್ಲಿ ಬರೆದರು. ಅದು ಎಡಗಡೆಯ ಕಾಲಂನಂತೆಯೇ ಕಾಣುತ್ತಿತ್ತು. ನಮ್ಮ ಬೀದಿಯನ್ನು ಮಾತ್ರ ಯಾರಿಗೂ ಹಂಚಲಿಲ್ಲ. ಯಾಕೆಂದು ನನ್ನೊಬ್ಬಳಿಗೇ ಗೊತ್ತಿತ್ತು.

ಅಲ್ಲಿಂದಾಚೆ ಅವರು ಚೊಂಬು ಹಿಡಿದರು. ಎಲ್ಲಿ ಮಗುವಿಗೆ ಭೇದಿ ಎಂದು ಕಿವಿಗೆ ಬಿದ್ದರೂ ಉಪ್ಪು ಸಕ್ಕರೆ ಕಲಸಿದ ನೀರಿನೊಂದಿಗೆ ಆ ಮನೆಯ ಬಾಗಿಲಲ್ಲಿ ಹಾಜರು. "ತಾಯಿ, ನೀರು ಕುಡಿಸ್ರಿ" ಎಂದು ಬೇಡುತ್ತಿದ್ದರು. ಮಗುವನ್ನು ಕಳೆದುಕೊಂಡವನು ಮನೆಗೆ ಬರುವುದು ಒಳ್ಳೆಯದಲ್ಲವೆಂದು ಬಾಗಿಲು ಹಾಕಿಕೊಂಡವರೇ ಹೆಚ್ಚು. ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದರು. ಒಂದು ಮನೆಯಲ್ಲಿ ಕುಡಿಸಿದ ಮೇಲೂ ಮಗು ಹೋಯಿತು, ತೀರಾ ತಡವಾಗಿತ್ತು. ಅದರಪ್ಪ ಚೊಂಬನ್ನು ಕಿತ್ತು ಬೀದಿಗೆಸೆದ. ಮೇಷ್ಟ್ರು ನಗ್ಗಿದ ಚೊಂಬನ್ನು ಎತ್ತಿ, ಪಂಚೆಯ ಅಂಚಿಗೆ ಒರೆಸಿಕೊಂಡು ಬಂದರು. ಇಷ್ಟೆಲ್ಲ ಬೇರೆ ಬೀದಿಗಳಲ್ಲಿ. ನಮ್ಮ ಬೀದಿಗೆ ಬರುವಾಗ ಚೊಂಬು ಚೀಲದೊಳಗಿರುತ್ತಿತ್ತು.

ಮುಂದಿನ ಮಳೆಗಾಲದ ಶುರುವಿನಲ್ಲಿ, ಬಾವಿಗೆ ಹೊಸ ನೀರು ಇಳಿದಾಗ, ನನ್ನ ತಮ್ಮನಿಗೆ ಭೇದಿ ಹತ್ತಿತು. ಅವನಿಗಿನ್ನೂ ಎರಡು ತುಂಬಿರಲಿಲ್ಲ. ಅವ್ವ ಅಜ್ಜಿಯನ್ನು ಕರೆತಂದಳು. ಅಜ್ಜಿ ಒಲೆಯ ಪಕ್ಕ ಕಾಲು ಚಾಚಿ ಕುಳಿತು, ನೀರು ನಿಲ್ಲಿಸು ಎಂದರು. ಮರುದಿನ ಮಧ್ಯಾಹ್ನಕ್ಕೆ ಅವನ ಕಣ್ಣು ಗುಳಿಬಿದ್ದಿತು. ಆ ಕಣ್ಣು ನನಗೆ ಗೊತ್ತಿತ್ತು. ನಾನು ಶಾಲೆಗೆ ಓಡಿದೆ.

"ಸಾರ್, ನಮ್ಮ ತಮ್ಮ."

ಅವರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. "ನಮ್ಮವ್ವ ಅಲ್ಲಿ ಅದಾಳಾ?"

"ಅದಾರೆ ಸಾರ್."

ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. ಆಮೇಲೆ ಹಂಡೆಯ ಹತ್ತಿರ ಹೋಗಿ ಮೊಣಕೈತನಕ ಕೈ ತೊಳೆದರು. ಶಾಲೆಯಲ್ಲಿ ಅವರು ಕೈ ತೊಳೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಮ್ಮ ಅಡುಗೆಮನೆಯಲ್ಲಿ ಕುಳಿತು, ಚೊಂಬನ್ನು ಚೀಲದಿಂದ ಹೊರತೆಗೆದಿಟ್ಟು, ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡರು. ಅವ್ವ ಅಜ್ಜಿಯ ಮುಖ ನೋಡಿದಳು.

"ಲೇ, ನೀರು ಕೊಡಬ್ಯಾಡ. ಕೂಸು ಸಾಯ್ತೈತೆ" ಎಂದರು ಅಜ್ಜಿ.

"ಕೊಡದಿದ್ರೆ ಸಾಯ್ತೈತೆ ಅವ್ವ."

"ಯಾರು ಹೇಳಿದ್ರು ನಿಂಗೆ?"

"ಡಾಕ್ಟ್ರು."

"ಯಾವಾಗ?"

ಮೇಷ್ಟ್ರು ಚಮಚವನ್ನು ಮಗುವಿನ ಬಾಯಿಗಿಟ್ಟರು. ತಮ್ಮ ಚಮಚವನ್ನೇ ಕಚ್ಚಿ ಹಿಡಿದ. ಅಜ್ಜಿ ನನ್ನ ಕಡೆ ತಿರುಗಿದರು. "ನೀನೂ ಹೋಗಿದ್ದೆ ಅಲ್ಲೇನೇ ಅವತ್ತು? ಯಾವಾಗ ಹೇಳಿದ್ರು?"

ನಾನು ತಲೆ ತಗ್ಗಿಸಿದೆ. ಅಷ್ಟೇ ಸಾಕಾಯಿತು. ಅಜ್ಜಿ ಗೋಡೆ ಹಿಡಿದು ಎದ್ದು ಮನೆಗೆ ಹೋದರು. ಮೇಷ್ಟ್ರು ಅವರ ಹಿಂದೆ ಏಳಲಿಲ್ಲ. ಕತ್ತಲಾಗುವತನಕ ಚಮಚ ಚಮಚವಾಗಿ ಕುಡಿಸುತ್ತಲೇ ಇದ್ದರು. ಅವರ ಕಣ್ಣೀರು ತಮ್ಮನ ಹೊಟ್ಟೆಯ ಮೇಲೆ ಬೀಳುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ.

ಮರುದಿನ ತಮ್ಮ ನನ್ನ ತೊಡೆಯ ಮೇಲೆ ಉಚ್ಚೆ ಹೊಯ್ದ. ಅವ್ವ ಅಳುತ್ತಲೇ ನಕ್ಕಳು.

ಆ ಮೇಲೆ ಅಜ್ಜಿಯನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಅವರು ಹೋಗುತ್ತಿರಲಿಲ್ಲ. ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುವರು. ಬೀದಿಯಲ್ಲಿ ಯಾವುದಾದರೂ ಮಗು ನೀರು ಎಂದರೆ ಎದ್ದು ಒಳಗೆ ಹೋಗುವರು. ಮಗನ ಜೊತೆ ಮಾತು ಬಿಟ್ಟರು, ಸೊಸೆಯ ಮುಖ ನೋಡುವುದು ಬಿಟ್ಟರು, ನಿಧಾನಕ್ಕೆ ಊಟವನ್ನೂ ಬಿಟ್ಟರು. ವರ್ಷ ತುಂಬುವ ಮುಂಚೆ ತೀರಿಕೊಂಡರು. ಮಣ್ಣು ಮಾಡಿ ಬಂದ ದಿನ ಮೇಷ್ಟ್ರು ನಮ್ಮ ಜಗಲಿಯಲ್ಲಿ ಕುಳಿತು ಹೇಳಿದರು: "ನಿನ್ನ ತಮ್ಮನ್ನ ಉಳಿಸ್ಕಂಡೆ, ನಮ್ಮವ್ವನ್ನ ಕಳ್ಕಂಡೆ. ಇದನ್ನ ಯಾವ ಕಾಲಂನಾಗೆ ಬರೀಲಿ ಹೇಳವ್ವ."

ಆಮೇಲೆ ಅವರಿಗೆ ಹಿರಿಯೂರಿಗೆ ವರ್ಗವಾಯಿತು. ಮತ್ತೆ ಮಕ್ಕಳಾಗಲಿಲ್ಲ. ನಾನು ಚಿತ್ರದುರ್ಗದಲ್ಲಿ ಶಿಕ್ಷಕಿ ತರಬೇತಿಗೆ ಸೇರಿದೆ. ಅರ್ಜಿಗೆ ಸಹಿ ಹಾಕುವಂತೆ ನಮ್ಮಪ್ಪನನ್ನು ಒಪ್ಪಿಸಿದವರೂ ಅವರೇ. ಆ ದಶಕ ಮುಗಿಯುವ ಹೊತ್ತಿಗೆ ಮೇಷ್ಟ್ರಿಗೆ ಹೊಟ್ಟೆಯ ಆಪರೇಷನ್ ಆಗಿದೆ, ಸ್ಥಿತಿ ಚೆನ್ನಾಗಿಲ್ಲ ಎಂಬ ಸುದ್ದಿ ಬಂತು. ಸಿಕ್ಕ ಬಸ್ಸು ಹತ್ತಿ ಹಿರಿಯೂರಿಗೆ ಹೋದೆ. ಬಾಗಿಲ ಮುಂದೆ ಜನ ನಿಂತಿದ್ದು ನೋಡಿದಾಗಲೇ ತಿಳಿಯಿತು. ಎದೆಯ ಮೇಲಿಟ್ಟಿದ್ದ ಅವರ ಬಲಗೈ ನಮ್ಮೆಲ್ಲರ ಕೈಯಂತೆ ಕಪ್ಪಗಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಅಕ್ಕ ನನ್ನನ್ನು ಒಳಗೆ ಕರೆದು ಕೂರಿಸಿಕೊಂಡರು. ಪಕ್ಕದಲ್ಲೇ ಆ ನಗ್ಗಿದ ಚೊಂಬಿತ್ತು.

"ಇನ್ನು ಉಳಿಯಲ್ಲ, ಮನೀಗೆ ಕರ್ಕಂಡು ಹೋಗ್ರಿ ಅಂತ ಮೊನ್ನೆ ಕಳಿಸಿದ್ರು. ನಿನ್ನೆ ಮಧ್ಯಾಹ್ನ ನೀರು ಕೇಳಿದ್ರು. ಆಪರೇಷನ್ ಆದ ಹೊಟ್ಟೆ, ಕೊಡಬ್ಯಾಡ ಅಂದ್ರು ಎಲ್ರೂ. ಅವ್ರ ಅಣ್ಣ ಅಂದ, ನಮ್ಮಪ್ಪ ಅಂದ."

ಚೊಂಬನ್ನು ಎತ್ತಿ ಮಡಿಲಿನಲ್ಲಿಟ್ಟುಕೊಂಡರು. ಅವರು ಅಷ್ಟೊಂದು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಈ ಸಲ ನಾನು ಯಾರ್ನೂ ಕೇಳ್ಲಿಲ್ಲ ಕಣವ್ವ. ಕೊಟ್ಟೆ."