ನನ್ನ ಭುಜದ ಅಳತೆಯ ಕೋವಿ

ನಾನು ಚಿಕ್ಕವಳಿದ್ದಾಗ ನನ್ನಂಥ ಹಟಮಾರಿ ಅಮೆರಿಕದ ಈ ನಮ್ಮೂರು ಕೆನ್ಮೋರ್‌ನಲ್ಲೇ ಇಲ್ಲ ಎಂದು ಅಮ್ಮ ಹೇಳುತ್ತಿದ್ದರು. ಅದೇ ಮನೆಯಲ್ಲಿ ಅಪ್ಪನೂ ಇದ್ದಾರೆ ಎಂಬುದು ಅವರಿಗೆ ಮರೆತುಹೋಗುತ್ತಿತ್ತೇನೋ! ಮಕ್ಕಳೇ, ಇದು ಎರಡು ಸಾವಿರದ ಹತ್ತು ಕಳೆದ ಮೇಲಿನ ಕಥೆ. ನನಗೆ ಆಗ ಹದಿಮೂರು ವರ್ಷ. ಅಪ್ಪ ದಿನಾ ಮುಕಿಲ್ಟಿಯೊ ಕಡೆಯ ವಿಮಾನ ಕಾರ್ಖಾನೆಗೆ ಹೋಗಿ ಬರುತ್ತಿದ್ದರು. ಯಾವುದಾದರೂ ಸರಿ, ಒಂದು ಅಳತೆ ಜಾಸ್ತಿಯೇ ಇರಲಿ ಎನ್ನುವ ಮನುಷ್ಯ. ನನ್ನ ಶೂ, ರೇನ್‌ಕೋಟು, ಸೈಕಲ್ಲು ಎಲ್ಲವನ್ನೂ ಮುಂದಿನ ವರ್ಷದ ನನಗಾಗಿ ಕೊಳ್ಳುತ್ತಿದ್ದರು. ಈ ವರ್ಷದ ನಾನು ಅವುಗಳೊಳಗೆ ಪಟಪಟ ಸದ್ದು ಮಾಡುತ್ತಾ ಓಡಾಡುತ್ತಿದ್ದೆ.

ನಮ್ಮದು ಕೊಡಗಿನ ಮನೆತನ. ಅಲ್ಲಿ ಕೋವಿಯೂ ಮನೆಯವರಲ್ಲಿ ಒಬ್ಬರಿದ್ದ ಹಾಗೆ. ವರ್ಷಕ್ಕೊಮ್ಮೆ ಹಬ್ಬದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಇಲ್ಲಿಯೂ ಮನೆಗೊಂದು ಕೋವಿ ಬೇಕು, ಅಂಗಡಿಯದಲ್ಲ, ಹೇಳಿ ಮಾಡಿಸಿದ್ದೇ ಆಗಬೇಕು ಎಂದು ಅಪ್ಪ ತೀರ್ಮಾನಿಸಿದರು. ಅದನ್ನು ಹಿಡಿದು ಗುರಿ ಮುಟ್ಟಿದರೆ ಅಕ್ಟೋಬರಿನಲ್ಲಿ ನನ್ನನ್ನು ಜಿಂಕೆ ಬೇಟೆಗೆ ಕರೆದೊಯ್ಯುವುದಾಗಿ ಮಾತು ಕೊಟ್ಟರು. ಹಿಂದಿನ ವರ್ಷ ಅಕ್ಕನೂ ಹೀಗೇ ಹೊರಟಿದ್ದಳು. ಯಾರದೋ ದೊಡ್ಡ ಕೋವಿಯಿಂದ ಒಂದೇ ಗುಂಡು ಹೊಡೆದು, ಭುಜ ನೀಲಿಗಟ್ಟಿಸಿಕೊಂಡು, ಮತ್ತೆ ಅದನ್ನು ಮುಟ್ಟಲಿಲ್ಲ. ನಾನು ಹಾಗೆ ಮನೆಯಲ್ಲಿ ಉಳಿಯುವವಳಲ್ಲ ಎಂದು ಪಟ್ಟು ಹಿಡಿದೆ.

ಮೊದಲು ಆರಿಸಬೇಕಾದದ್ದು ತೋಟೆ. ತೋಟೆ ಎಂದರೆ ಗುಂಡು, ಮದ್ದು ಎರಡೂ ಸೇರಿದ ಹಿತ್ತಾಳೆಯ ಕೊಳವೆ. ಅದು ಕೂರುವ ಜಾಗವನ್ನು ನಳಿಗೆಯಲ್ಲಿ ಒಮ್ಮೆ ಕೊರೆದರೆ ಮುಗಿಯಿತು, ಆಮೇಲೆ ಚಿಕ್ಕದು ಮಾಡಲು ಬರುವುದಿಲ್ಲ. ಅಪ್ಪನ ಮನಸ್ಸು ನನ್ನ ತೋರುಬೆರಳಿಗಿಂತ ಉದ್ದದ, ಮದ್ದು ಜಾಸ್ತಿ ತುಂಬಿದ ಮ್ಯಾಗ್ನಮ್ ತೋಟೆಯ ಮೇಲೆ. ನನ್ನ ಕಣ್ಣು ಅದಕ್ಕಿಂತ ಗಿಡ್ಡದಾದ, ಏಳು ಮಿಲಿಮೀಟರ್ ದಪ್ಪದ ಗುಂಡಿನ ಇನ್ನೊಂದರ ಮೇಲೆ. ಕೋವಿ ಮಾಡಿಕೊಡುವ ಒಬ್ಬ ಮುದುಕರಿದ್ದರು, ನಾನು ಅವರನ್ನು ತಾತ ಎನ್ನುತ್ತಿದ್ದೆ; ಯಾವ ತೋಟೆ ಎಂದು ಆ ಶನಿವಾರವೇ ಹೇಳಿ ಎಂದಿದ್ದರು.

ಅವರ ಮನೆ ಗುಡ್ಡದ ತಪ್ಪಲಿನಲ್ಲಿತ್ತು. ಅಪ್ಪ ಇಂಡಿಯನ್ ಸ್ಟೋರಿನಿಂದ ಎರಡು ತೆಂಗಿನಕಾಯಿ ತಂದು, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರಿಸಿ, ಬೆಲ್ಟನ್ನೂ ಹಾಕಿದ್ದರು. ತಾತನ ಹಿತ್ತಲಲ್ಲಿ ಒದ್ದೆ ಫರ್ ಮರಗಳ ವಾಸನೆ, ಎಣ್ಣೆಯ ವಾಸನೆ. ನೂರು ಗಜ ದೂರದ ಮಣ್ಣಿನ ದಿಬ್ಬದ ಮುಂದೆ, ಮರದ ಬೊಡ್ಡೆಯ ಮೇಲೆ ಅಪ್ಪ ಒಂದು ಕಾಯಿ ಇಟ್ಟು ಬಂದರು. ತಾತ ತಮ್ಮವೇ ಎರಡು ಕೋವಿಗಳನ್ನು ಪರೀಕ್ಷೆಗೆ ತಂದರು.

ಮೊದಲು ಮ್ಯಾಗ್ನಮ್. ಕಿವಿ ಮುಚ್ಚಿದ್ದರೂ ಎದೆ ಝಲ್ಲೆಂದಿತು. ಭುಜಕ್ಕೆ ಯಾರೋ ಒದ್ದ ಹಾಗಾಯಿತು. ಗುಂಡು ಎಲ್ಲಿ ಹೋಯಿತೋ ದೇವರಿಗೇ ಗೊತ್ತು, ಕಾಯಿ ಮಾತ್ರ ಆರಾಮಾಗಿ ಕೂತಿತ್ತು. ಎರಡನೆಯದೂ ಅಷ್ಟೇ.

"ಅಭ್ಯಾಸ ಆಗುತ್ತೆ ಮಗಳೇ, ಪ್ರಾಕ್ಟೀಸ್ ಮಾಡು," ಎಂದರು ಅಪ್ಪ.

"ಐ ಕ್ಯಾನ್ ಶೂಟ್, ಅಪ್ಪಾ. ಇದ್ರಲ್ಲಿ ಅಲ್ಲ, ಅಷ್ಟೇ," ಎಂದೆ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

ತಾತ ಇನ್ನೊಂದು ತೋಟೆ ತುಂಬಿ ಕೊಟ್ಟರು. ನಾನು ಕೋವಿಯ ಕುದುರೆಯನ್ನು, ಅಂದರೆ ಟ್ರಿಗರನ್ನು, ಎಳೆದೆ. ಸದ್ದೇ ಇಲ್ಲ! ಆದರೂ ನನ್ನ ಕಣ್ಣು ಮುಚ್ಚಿತ್ತು, ನಳಿಗೆಯ ತುದಿ ಕೋಳಿ ಕಾಳು ಹೆಕ್ಕುವ ಹಾಗೆ ಕೆಳಗೆ ಬಾಗಿತ್ತು. ಅವರು ತುಂಬಿದ್ದು ಮದ್ದಿಲ್ಲದ ಹುಸಿ ತೋಟೆ. ಏಟು ಬೀಳುವ ಮೊದಲೇ ಬೆದರುವುದು ಹೀಗೆ, ಕಣ್ಣು ಮುಚ್ಚಿ ಹೊಡೆದರೆ ಜಿಂಕೆ ಗಾಯಗೊಂಡು ಕಾಡಿನಲ್ಲಿ ನರಳುತ್ತದೆ ಎಂದು ತಾತ ತಿಳಿಸಿ ಹೇಳಿದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

"ಕೊಡಿ ಇಲ್ಲಿ, ನಾನು ತೋರಿಸ್ತೀನಿ," ಎಂದು ಅಪ್ಪ ಮುಂದೆ ಬಂದರು. ಮೊದಲ ಗುಂಡಿಗೆ ದಿಬ್ಬದ ಮಣ್ಣು ಹಾರಿತು. ಮತ್ತೆ ತುಂಬಿ ಕೊಟ್ಟ ತಾತ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಅಪ್ಪ ಉಸಿರು ಬಿಗಿಹಿಡಿದು ಕುದುರೆ ಎಳೆದರು. ಸದ್ದಿಲ್ಲ. ಅಪ್ಪನ ಕೋಳಿ ನನ್ನ ಕೋಳಿಗಿಂತ ಆಳಕ್ಕೆ ಹೆಕ್ಕಿತು!

ನಾನು ನಗಲಿಲ್ಲ. ನಗಬೇಕು ಅನಿಸಿದ್ದೇನೋ ನಿಜ. ಅಪ್ಪ ಆ ಕೋವಿಯನ್ನು ಕೆಳಗಿಟ್ಟು, ಚಿಕ್ಕ ತೋಟೆಯ ಕೋವಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಈ ಸಲ ಕಣ್ಣು ಮುಚ್ಚುವುದಿಲ್ಲ ಎಂದು ಹಲ್ಲು ಕಚ್ಚಿ ನಿರ್ಧರಿಸಿದೆ. ಒದೆಯೂ ಬಿತ್ತು, ಆದರೆ ತಡೆಯಬಲ್ಲಷ್ಟು. ಬೊಡ್ಡೆಯ ಮೇಲೆ ಬಿಳಿ ಚೂರುಗಳು ಹಾರಿದ್ದನ್ನು ಕಣ್ಣು ತೆರೆದೇ ನೋಡಿದೆ.

"ಈ ತೋಟೆಗೇ ನಳಿಗೆ ಕೊರೀಲಿ," ಎಂದರು ಅಪ್ಪ. ಇನ್ನೊಂದು ಕಾಯಿಯನ್ನು ಅಮ್ಮ ಚಟ್ನಿಗೆ ತುರಿದರು.

ಬೇಸಿಗೆ ಮುಗಿಯುವಾಗ ಕೋವಿ ಬಂತು. ಭುಜಕ್ಕೆ ಆನಿಸಿ ನೋಡಿದೆ. ಮರದ ಹಿಡಿಯನ್ನೂ ಅಪ್ಪ ನನ್ನ ತೋಳಿನ ಉದ್ದಕ್ಕೇ ಮಾಡಿಸಿದ್ದರು, ಒಂದು ಬೆರಳೂ ಜಾಸ್ತಿ ಇರಲಿಲ್ಲ. ಅಕ್ಟೋಬರಿನಲ್ಲಿ ನಾನೂ ಬೇಟೆಗೆ ಹೋದೆ. ಆಮೇಲೆ ಎಷ್ಟೋ ವರ್ಷ ಅಪ್ಪ ತಮಗೆ ಗಿಡ್ಡವಾದ ಆ ಕೋವಿಯಲ್ಲಿ ಕತ್ತು ಮುದುರಿಕೊಂಡೇ ಗುರಿಯಿಟ್ಟರು.

ಮಕ್ಕಳೇ, ನಿಮ್ಮ ಶೂ ನಿಮ್ಮ ಕಾಲಿನ ಅಳತೆಗೇ ಮನೆ ಬಾಗಿಲಿಗೆ ಬರುತ್ತದೆ. ಕುರ್ಚಿಯೂ ನೀವು ಬೆಳೆದಂತೆ ಎತ್ತರವಾಗುತ್ತದೆ. ಸರಿಯಾಗಿ ಹೊಂದುವುದು ನಿಮಗೆ ದೊಡ್ಡ ವಿಷಯವೇ ಅಲ್ಲ. ನನಗೆ ಅದೇ ವರ್ಷದ ಅಳತೆಗೆ ಸಿಕ್ಕ ಮೊದಲ ವಸ್ತು ಆ ಕೋವಿ. ಈಗ ಅದು ನನಗೂ ಗಿಡ್ಡ. ಹಿಡಿಗೆ ಒಂದು ತುಂಡು ಮರ ಸೇರಿಸೋಣ ಎಂದು ನಿಮ್ಮಪ್ಪ ಎಷ್ಟು ಸಲ ಕೇಳಿದರೂ ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.